ದಡಕ್ಕೆ ಒಂದೇ ಮನೆ

ಒಳಗೆ ಬಿಡಬೇಕೋ, ಬೇಡವೋ? ಬಿಟ್ಟರೆ ಆ ಸ್ಕ್ರೀನನ್ನು ತಂದು ಅಪ್ಪನ ತಲೆಯ ಹತ್ತಿರವೇ ನಿಲ್ಲಿಸುತ್ತಾರೆ. ಬಿಡದಿದ್ದರೆ ಅಮ್ಮನಿಗೆ ಏನೆಂದು ಹೇಳುವುದು? ಇಷ್ಟಕ್ಕೂ ಸಾವಿನ ಮನೆಯ ಬಾಗಿಲಿಗೆ ಅಡ್ಡ ನಿಂತು ಒಳಗೆ ಬರಬೇಡಿ ಎನ್ನಲು ತಾನು ಯಾರು? ಕಡೆಯ ಎರಡು ವರ್ಷ ಅಪ್ಪನ ಜೊತೆ ನೆಟ್ಟಗೆ ನಾಲ್ಕು ಮಾತು ಆಡದವಳು.

ಅವಳು ಇನ್ನೂ ಹಿಂದೆ ಮುಂದೆ ನೋಡುತ್ತಿರುವಾಗಲೇ ಕಂಪನಿಯ ಇಬ್ಬರು ಕೆಲಸಗಾರರು ಆಳೆತ್ತರದ ಸ್ಕ್ರೀನನ್ನು ಅಡ್ಡಡ್ಡಲಾಗಿ ಹಿಡಿದು ಮೆಟ್ಟಿಲ ತಿರುವಿಗೆ ಬಂದುಬಿಟ್ಟಿದ್ದರು. ಅದರ ಮೂಲೆ ಕಂಬಿಗೆ ಬಡಿದು ಠಣ್ಣೆಂದಿತು.

"ನಿಧಾನ, ನಿಧಾನ! ಗೀರು ಬೀಳುತ್ತೆ," ಎಂದು ಹಿಂದಿನಿಂದ ಮ್ಯಾನೇಜರ್ ಕೂಗಿದ. ಕಪ್ಪು ಶರ್ಟು, ಕಪ್ಪು ಪ್ಯಾಂಟು. ಎದೆಯ ಮೇಲೆ ಮಾತ್ರ ಕಂಪನಿಯ ಹಳದಿ ಗುರುತು. ಬಾಗಿಲಲ್ಲಿ ಅವಳನ್ನು ಕಂಡದ್ದೇ ದನಿ ತಗ್ಗಿಸಿದ. "ನೀವು ಮಗಳಲ್ವಾ? ಬಹಳ ದುಃಖದ ವಿಷಯ ಮೇಡಂ. ಚಿಕ್ಕದೊಂದು ನಮನ, ಅಷ್ಟೇ. ಅವರ ಮುಖ ತೋರಿಸ್ತೀವಿ, ಅವರ ದನಿ ಕೇಳಿಸ್ತೀವಿ. ಪ್ಲಗ್ ಎಲ್ಲಿದೆ?"

"ಅವರ ಮುಖ ಒಳಗೇ ಇದೆ," ಎಂದಳು ಅವಳು.

"ಹೌದು ಹೌದು," ಎಂದು ಮ್ಯಾನೇಜರ್ ತಲೆಯಾಡಿಸಿದ. ಕಣ್ಣು ಮಾತ್ರ ಗೋಡೆಯ ಬುಡದಲ್ಲಿ ಪ್ಲಗ್ ಹುಡುಕುತ್ತಿತ್ತು.

"ಯಾರೇ ಅದು?" ಒಳಗಿಂದ ಅಮ್ಮನ ದನಿ.

"ಗೇಮಿನ ಕಂಪನಿಯವರಮ್ಮ. ದೊಡ್ಡ ಸ್ಕ್ರೀನ್ ಹೊತ್ಕೊಂಡು ಬಂದಿದಾರೆ."

"ಬರಲಿ ಬಿಡೇ. ಅವರು ಇದ್ದಾಗ ಒಬ್ಬರೂ ಈ ಮೆಟ್ಟಿಲು ಹತ್ತಲಿಲ್ಲ. ಈಗಲಾದರೂ ಬಂದರಲ್ಲ."

ಅಮ್ಮನ ಮಾತಿನಲ್ಲಿ ಕೊಂಕು ಇದ್ದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಅಮ್ಮ ನಿಜವಾಗಿಯೂ ಹಿಗ್ಗಿದ್ದಳು.

ಅಷ್ಟರಲ್ಲಿ ಚಿಕ್ಕಪ್ಪ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಮೇಲೆ ಬಂದ. ಅಪ್ಪನ ಒಬ್ಬನೇ ತಮ್ಮ. ಬೆಳಗಿನಿಂದ ಕೂತವನಲ್ಲ, ಹನಿ ನೀರು ಕುಡಿದವನಲ್ಲ. ಸ್ಕ್ರೀನ್ ಕಂಡು ಗಕ್ಕನೆ ನಿಂತ.

"ಇದೆಲ್ಲ ಯಾಕೆ ಇವತ್ತು?"

"ನೀವೇ ಹೇಳಿ ಚಿಕ್ಕಪ್ಪ. ನನ್ನ ಮಾತು ಅಮ್ಮ ಕೇಳಲ್ಲ."

"ನಾನೇನು ಹೇಳಲಿ," ಎಂದು ಅವನು ಕುರ್ಚಿಗಳನ್ನು ಅಲ್ಲೇ ಇಳಿಸಿ, ಕುಡಿಯುವ ನೀರು ನೋಡುತ್ತೇನೆಂದು ಅಡುಗೆಮನೆಗೆ ಹೋದ. ನೀರು ತುಂಬಿಸಿ ಇನ್ನೂ ಸ್ವಲ್ಪ ಹೊತ್ತಾಗಿತ್ತಷ್ಟೆ. ತುಂಬಿಸಿದವನೂ ಅವನೇ.

ನಡುಮನೆಯಲ್ಲಿ ಸೋಫಾ ಇದ್ದ ಜಾಗದಲ್ಲಿ ಈಗ ಶವದ ಪೆಟ್ಟಿಗೆ. ಮುಚ್ಚಳ ಗೋಡೆಗೆ ಒರಗಿತ್ತು. ಅಪ್ಪ ಯಾರದೋ ಸರದಿ ಮುಗಿಯಲೆಂದು ಕಾಯುವವರ ಹಾಗೆ ತುಟಿ ಮುಚ್ಚಿ ಮಲಗಿದ್ದರು. ಕಾಲ ಬಳಿಯ ಕುರ್ಚಿಯಲ್ಲಿ ಬಿಲ್ಲಿನಕ್ಕ ತೊಡೆಯ ಮೇಲೆ ದೊಡ್ಡ ಕೈಚೀಲ ಇಟ್ಟುಕೊಂಡು ಕೂತಿದ್ದಳು. ಆಟಿಕೆ ಅಂಗಡಿಯಲ್ಲಿ ಅಪ್ಪ ಕೆಲಸಕ್ಕೆ ಸೇರಿದ ಕಾಲದಿಂದ ಬಿಲ್ಲು ಹಾಕುವ ಕೌಂಟರಿನಲ್ಲಿದ್ದವಳು. ಅವಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಅಳುವಾಗಲೂ ಮಾತಾಡುತ್ತಲೇ ಅಳುತ್ತಿದ್ದಳು.

"ಈ ಮನುಷ್ಯ ಸೋಲೋದಕ್ಕೆ ಸಂಬಳ ತಗೋತಿದ್ದ ಕಣ್ರಮ್ಮ. ಲೋಕದಲ್ಲಿ ಯಾರಿಗಿದೆ ಇಂಥ ಉದ್ಯೋಗ? ನಮ್ಮ ಯಜಮಾನರು ದಿನಾ ಮನೇಲಿ ಬಿಟ್ಟಿ ಸೋಲ್ತಾರೆ."

ಒಂದಿಬ್ಬರು ಬಾಯಿಗೆ ಸೆರಗು ಹಿಡಿದು ನಕ್ಕರು. ಕೆಳಮನೆಯ ದರ್ಜಿ ನಗಲಿಲ್ಲ.

"ಸೋಲೋದು? ಇವರು? ನನ್ನ ಮೊಮ್ಮಗಳು ಇವರ ಮುಖ ಇರೋ ಆ ಗೇಮು ಆಡಿ ಮೊಬೈಲ್ ಎಸೆದು ಅತ್ತಳು. 'ದಡ ನಿನ್ನಂಥವರಿಗಲ್ಲ' ಅಂತಾರಲ್ಲ, ಅದು ಮಕ್ಕಳಿಗೆ ಹೇಳೋ ಮಾತೇನ್ರೀ? ಸತ್ತವರ ಬಗ್ಗೆ ಆಡಬಾರದು, ಆದರೂ…"

"ಆಡಬಾರದು ಅಂದಮೇಲೆ ಆಡಬೇಡಿ," ಎಂದಳು ಬಿಲ್ಲಿನಕ್ಕ. "ಅದು ಮೆಷಿನ್ನು."

"ಆಟ ಮೆಷಿನ್ನಿನದು. ದನಿ? ಇವರ ಕೆಳಗಡೆ ಮನೇಲೇ ನನ್ನ ಕೂದಲು ಹಣ್ಣಾಯ್ತು. ದನಿ ಗೊತ್ತಾಗಲ್ವೇನಮ್ಮ ನನಗೆ?"

ಬಿಲ್ಲಿನಕ್ಕ ಮಗಳ ಮುಖ ನೋಡಿದಳು, ನೀನಾದರೂ ಏನಾದರೂ ಹೇಳು ಎನ್ನುವಂತೆ. ಮಗಳು ಪ್ಲಗ್ಗಿನ ಕಡೆ ನೋಡಿದಳು. ದರ್ಜಿ ಆಡಿದ್ದು ಅವಳದೇ ಮಾತು. ಅದನ್ನು ಅವಳು ಅಪ್ಪನಿಗೆ ಇನ್ನೂ ಒರಟಾಗಿ ಆಡಿದ್ದಳು.

* * *

ಅಪ್ಪನ ಮೇಜು ಅಂಗಡಿಯ ಬಾಗಿಲಿಗೆ ಎದುರಾಗಿತ್ತು. ಮೇಜಿನ ಮೇಲೆ ಸದಾ ಬಿಚ್ಚಿಟ್ಟ ದೋಣಿಯಾಟದ ಹಾಸು: ನಡುವೆ ನೀಲಿ ಹೊಳೆ, ಹೊಳೆಯ ತುಂಬ ಚೌಕ ಮನೆಗಳು, ಆಚೆ ಹಸಿರು ದಡ. ದಾಳ ಹಾಕಬೇಕು, ದೋಣಿ ನಡೆಸಬೇಕು. ಮೊದಲು ದಡ ಮುಟ್ಟಿದವರು ಗೆದ್ದರು. ದಾಳ ಹಾಕಲು ಮನಸ್ಸಿಲ್ಲದಿದ್ದರೆ ಲಂಗರು ಹಾಕಬಹುದು. ಎಂದರೆ, ದೋಣಿಯ ಪುಟ್ಟ ಕಂಬಕ್ಕೆ ತಂತಿಯ ಉಂಗುರವೊಂದನ್ನು ತೊಡಿಸಿ ಆ ಸರದಿಯನ್ನು ಬಿಟ್ಟುಕೊಡುವುದು.

ಅಂಗಡಿಯ ಮುಂದೆ ಕಾಲು ನಿಧಾನ ಮಾಡಿದವರನ್ನೆಲ್ಲ ಅಪ್ಪ ಕರೆಯುತ್ತಿದ್ದರು. "ಬಾ, ಕೂತ್ಕೋ. ಒಂದು ಕೈ ನೋಡೋಣ." ಆಡಿದವರು ಕೊಳ್ಳುತ್ತಿದ್ದರು, ಗೆದ್ದವರು ಗೆಳೆಯರನ್ನು ಕಟ್ಟಿಕೊಂಡು ಮತ್ತೆ ಬರುತ್ತಿದ್ದರು. ಹಾಗಾಗಿ ಸೋಲುವುದೇ ಅಪ್ಪನ ಕೆಲಸವಾಯಿತು. ಆದರೆ ಬೇಕೆಂದೇ ಸೋತದ್ದು ಮಕ್ಕಳಿಗೆ ಮೊದಲು ಗೊತ್ತಾಗುತ್ತದೆ. ಅಪ್ಪ ದೋಣಿಯನ್ನು ದಡಕ್ಕೆ ಒಂದೇ ಮನೆ ಇರುವವರೆಗೆ ಬಿರುಸಾಗಿ ನಡೆಸಿ, ಅಲ್ಲಿ ನಿಂತು, ಗಲ್ಲ ಕೆರೆದುಕೊಂಡು, ಬಾಗಿಲಾಚೆ ಆಕಾಶ ನೋಡುತ್ತಿದ್ದರು. "ಗಾಳಿ ಸರಿಯಿಲ್ಲ," ಎಂದು ಉಂಗುರ ತೊಡಿಸುತ್ತಿದ್ದರು. ಎದುರಿನವರ ದೋಣಿ ದಡ ಮುಟ್ಟಿದಾಗ ಹಣೆ ಬಡಿದುಕೊಂಡು "ಅಯ್ಯೋ, ಮುಳುಗಿದೆ!" ಎನ್ನುತ್ತಿದ್ದರು. ಇಡೀ ಅಂಗಡಿ ತಿರುಗಿ ನೋಡಬೇಕು, ಹಾಗೆ.

ಶಾಲೆಗೆ ರಜೆಯಿದ್ದಾಗ ಮಗಳು ಆ ಮೇಜಿನ ಕೆಳಗೇ ಕೂತಿರುತ್ತಿದ್ದಳು. ತಾನು ಅಪ್ಪನನ್ನು ಒಮ್ಮೆಯೂ ನಿಜವಾಗಿ ಸೋಲಿಸಿಲ್ಲವೆಂದು ತಿಳಿಯುವ ಹೊತ್ತಿಗೆ ಅವಳು ಜಡೆ ತಾನೇ ಹೆಣೆದುಕೊಳ್ಳುವಷ್ಟು ದೊಡ್ಡವಳಾಗಿದ್ದಳು. ಉರಿದುಹೋಯಿತು. "ಒಂದೇ ಒಂದು ಸಲ ಸರಿಯಾಗಿ ಆಡಿ," ಎಂದು ಹಟ ಹಿಡಿದಳು. ಅಪ್ಪ ಆಡಿದರು. ಅವಳ ದೋಣಿ ಹೊಳೆಯ ಅರ್ಧಕ್ಕೂ ಬಂದಿರಲಿಲ್ಲ, ಅವರದು ದಡದಲ್ಲಿತ್ತು. ಅವರು ಅವಳ ಮುಖ ನೋಡಲಿಲ್ಲ. "ಗಾಳಿ ನನ್ನ ಕಡೆ ಇತ್ತು, ಅಷ್ಟೇ," ಎಂದು ಹಾಸು ಮಡಿಸಿಟ್ಟರು.

ಮನೆಯಲ್ಲಿ ನಗಿಸುವವನು ಚಿಕ್ಕಪ್ಪ. ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದ. ಕಂಡಕ್ಟರ್, ಗಿಣಿ, ಬಿಕ್ಕುವ ಮುದುಕಿ, ಎಲ್ಲವೂ ಅವನ ಗಂಟಲಲ್ಲಿದ್ದವು. ಬಾಗಿಲ ಹಿಂದೆ ನಿಂತು ಅಣ್ಣನ ದನಿಯಲ್ಲಿ "ಕೇಳಿಸ್ತಾ?" ಎಂದು ಅತ್ತಿಗೆಯನ್ನು ಕೂಗುವನು. ಅಮ್ಮ "ಓ" ಎನ್ನುತ್ತ ಒದ್ದೆ ಕೈಯಲ್ಲೇ ಓಡಿಬಂದು, ಮೈದುನನನ್ನು ಕಂಡು ಸೌಟು ಎತ್ತುವಳು.

ದೋಣಿಯಾಟವನ್ನು ಕಂಪ್ಯೂಟರಿಗೂ ಮೊಬೈಲಿಗೂ ತರುತ್ತೇವೆಂದು ಕಂಪನಿಯವರು ಬಂದಾಗ, ಆಡುವವರಿಗೆ ಎದುರಾಳಿಯಾಗಿ ಅಪ್ಪನ ಮುಖವೇ ಇರಲಿ ಎಂದು ತೀರ್ಮಾನವಾಯಿತು. ಊರಿಗೆಲ್ಲ ಗೊತ್ತಿದ್ದ ಮುಖ ಅದು. ಅಪ್ಪನನ್ನು ಹುಡುಗಿಯೊಬ್ಬಳ ಎದುರು ಕೂರಿಸಿ ಆಡಿಸಿದರು. ಪ್ರೋಗ್ರಾಮರ್ ಒಂದೊಂದು ನಡೆಗೂ ಕಾರಣ ಕೇಳುತ್ತಿದ್ದ.

"ಇಲ್ಲಿ ಯಾಕೆ ಲಂಗರು ಹಾಕಿದ್ರಿ ಸರ್? ದಡಕ್ಕೆ ಒಂದೇ ಮನೆ ಇತ್ತು."

"ಎದುರಿಗಿದ್ದವಳ ಮುಖ ನೋಡಿದೆ."

"ಮೆಷಿನ್ನಿಗೆ ಮುಖ ಕಾಣಲ್ಲ ಸರ್."

"ಹಾಗಾದ್ರೆ ಅದು ಯಾರ ಜೊತೆ ಆಡುತ್ತೆ?"

ಪ್ರೋಗ್ರಾಮರ್ ತಮಾಷೆಯೆಂದುಕೊಂಡು ನಕ್ಕನಂತೆ. ಮನೆಗೆ ಬಂದು ಇದನ್ನು ಹೇಳುವಾಗ ಅಪ್ಪನೂ ನಕ್ಕರು. ಆಮೇಲೆ ಕಂಪನಿಯವರು ಮೆಷಿನ್ನಿಗೆ ಮೆಷಿನ್ನನ್ನೇ ಎದುರು ಕೂರಿಸಿ ಲಕ್ಷಗಟ್ಟಲೆ ಆಟ ಆಡಿಸಿದರು. ಲಂಗರು ಹಾಕಿ ಗೆದ್ದ ಆಟ ಸಿಕ್ಕಲಿಲ್ಲ. ಗೆಲ್ಲಲು ಉಪಯೋಗಕ್ಕೆ ಬರದ ನಿಯಮ ಯಾಕೆ ಬೇಕು? ತೆಗೆದುಹಾಕಿದರು. ಆಟ ಈಗ ಚುರುಕಾಯಿತು ಎಂದು ಅಪ್ಪನಿಗೇ ಹೇಳಿದರು.

* * *

ಗೇಮು ಬಂದಮೇಲೆ ಅಂಗಡಿಯಲ್ಲಿ ಅಪ್ಪನ ಮೇಜು ಹೋಯಿತು. ಅದೇ ಜಾಗದಲ್ಲಿ ಸ್ಕ್ರೀನ್ ಬಂತು. ಸ್ಕ್ರೀನಿನಲ್ಲಿ ಅಪ್ಪನ ಮುಖ. ಅಪ್ಪನನ್ನು ಒಳಗಿನ ಗೋಡೌನಿಗೆ ಹಾಕಿದರು, ಡಬ್ಬಿಗಳಿಗೆ ಚೀಟಿ ಅಂಟಿಸಲು. ದಿನಕ್ಕೊಮ್ಮೆ ಹೊರಗೆ ಬಂದು ಸ್ಕ್ರೀನಿನ ಧೂಳು ಒರೆಸುವುದೂ ಅವರ ಪಾಲಿಗೇ ಬಂತು.

ಮಗಳಿಗೆ ಬಸ್ ಕಂಪನಿಯೊಂದರ ದೂರಿನ ಫೋನ್ ವಿಭಾಗದಲ್ಲಿ ಕೆಲಸ. ಕೆಲಸದಿಂದ ಮರಳುವಾಗ ಒಂದು ಸಂಜೆ ಅಂಗಡಿಯೊಳಗೆ ಹೊಕ್ಕಳು. ಪುಟ್ಟ ಹುಡುಗಿಯೊಬ್ಬಳು ಸ್ಕ್ರೀನಿನ ಮುಂದೆ ಆಡುತ್ತಿದ್ದಳು. ಅಪ್ಪ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಆಟ ಮುಗಿಯಿತು. ಸ್ಕ್ರೀನಿನ ಮುಖ ಹಲ್ಲು ಬಿಟ್ಟಿತು. "ನೀನು ಸೋತೆ! ದಡ ನಿನ್ನಂಥವರಿಗಲ್ಲ!" ಹುಡುಗಿ ಆ ಮುಖ ನೋಡಿದಳು, ಪಕ್ಕಕ್ಕೆ ತಿರುಗಿ ಅದೇ ಮುಖದ ಮನುಷ್ಯನನ್ನು ನೋಡಿದಳು, ತಾಯಿಯ ಹತ್ತಿರ ಓಡಿಹೋದಳು.

ಅಂದು ಊಟಕ್ಕೆ ಚಿಕ್ಕಪ್ಪನೂ ಇದ್ದ. ಅವಳು ತಟ್ಟೆಗೆ ಕೈಯೇ ಹಾಕಲಿಲ್ಲ.

"ಆ ಮಾತು ಹೇಳೋಕೆ ಬಾಯಾದರೂ ಹೇಗೆ ಬಂತು ಅಪ್ಪ ನಿಮಗೆ?"

ಅಪ್ಪ ಕಿತ್ತಳೆ ಸುಲಿಯುತ್ತಿದ್ದರು.

"ಮಕ್ಕಳಿಗೆ, ಅಪ್ಪ! ಕಂಪನಿಯವರು ಹೇಳು ಅಂದ್ರೆ ಹೇಳಿಬಿಡೋದಾ? ನಾನು ದಿನವಿಡೀ ಜನರ ದನಿ ಕೇಳೋಳು. ನಿಮ್ಮ ದನಿ ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಹೇಸಿಗೆಯಾಯ್ತು ನನಗೆ."

ಚಿಕ್ಕಪ್ಪ ಹೊಟ್ಟೆ ತುಂಬಿತೆಂದು ಎದ್ದು ಕೈ ತೊಳೆಯಲು ಹೋದ. ಅಪ್ಪ ಸಿಪ್ಪೆಯನ್ನು ಒಂದೇ ಸುರುಳಿಯಾಗಿ ಬಿಡಿಸಿ, ತೊಳೆ ಬೇರೆ ಮಾಡಿ, ಅರ್ಧ ಅವಳ ತಟ್ಟೆಗೆ ಹಾಕಿದರು.

"ತಿನ್ನು," ಎಂದರು.

ಅವಳು ತಿನ್ನಲಿಲ್ಲ. ಅಲ್ಲಿಂದ ಮುಂದೆ ಅವರ ನಡುವೆ ಊಟ ಆಯ್ತಾ, ಆಯ್ತು, ಹೊರಟೆಯಾ, ಹೊರಟೆ.

* * *

ಸ್ಕ್ರೀನ್ ಹತ್ತಿಕೊಂಡಿತು. ಪೆಟ್ಟಿಗೆಯಲ್ಲಿ ಮಲಗಿದ್ದ ಮುಖಕ್ಕಿಂತ ಬಹಳ ದೊಡ್ಡ ಮುಖವೊಂದು ಅದರ ಮೇಲೆ ಮೂಡಿ ಕಣ್ಣು ಮಿಟುಕಿಸಿತು. ಅಮ್ಮ ಬಾಯಿಗೆ ಕೈ ಹಿಡಿದಳು.

"ನಮ್ಮ ಕಂಪನಿಗೆ ಇವರು ತಂದೆ ಇದ್ದ ಹಾಗೆ," ಎಂದು ಮ್ಯಾನೇಜರ್ ಶುರುಮಾಡಿದ. "ಇವರು ಹೋಗಿಲ್ಲ. ಲಕ್ಷಾಂತರ ಮೊಬೈಲುಗಳಲ್ಲಿ ಇದ್ದಾರೆ. ಯಾರಾದರೂ ಹಿರಿಯರು ಇವರ ಜೊತೆ ಕಡೆಯದಾಗಿ ಒಂದು ಆಟ ಆಡಿದರೆ, ಅದೇ ದೊಡ್ಡ ನಮನ. ನೀವು ಬನ್ನಿ ಸರ್."

ದರ್ಜಿ ಬೇಡ ಬೇಡವೆನ್ನುತ್ತಲೇ ಎದ್ದ. ಎಲ್ಲರೂ ನೋಡುತ್ತಿದ್ದರು, ಸಾವಿನ ಮನೆಯಲ್ಲಿ ಒಲ್ಲೆ ಎನ್ನುವುದಾದರೂ ಹೇಗೆ? ಬೆರಳಿನಿಂದ ಅಳುಕುತ್ತ ಮುಟ್ಟಿದ, ದೋಣಿ ನಡೆಸಿದ. ಆಟ ಬೇಗ ಮುಗಿಯಿತು.

"ನೀನು ಸೋತೆ! ದಡ ನಿನ್ನಂಥವರಿಗಲ್ಲ!"

ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದಂತೆ ಮಾಡಿದರು. ಮಗಳಿಗೆ ಸ್ಕ್ರೀನ್ ನೋಡಲಾಗಲಿಲ್ಲ. ಮುಖ ತಿರುಗಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದ. ಅವನು ಸ್ಕ್ರೀನ್ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಅವನ ತುಟಿಗಳು ಮಾತ್ರ ಆ ಮಾತಿನ ಜೊತೆಜೊತೆಗೆ ಅಲುಗಿ, ಆ ಮಾತಿನ ಜೊತೆಗೇ ನಿಂತವು.

ಅವಳು ಎದ್ದು ಅಡುಗೆಮನೆಗೆ ಹೋದಳು. ಅವನು ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದ್ದ.

"ಚಿಕ್ಕಪ್ಪ, ನಿಮ್ಮ ತುಟಿ ಅಲ್ಲಾಡಿತು."

ನಲ್ಲಿ ಸುರಿಯುತ್ತಲೇ ಇತ್ತು. ಅವಳೇ ತಿರುಗಿಸಿ ನಿಲ್ಲಿಸಿದಳು.

"ಅಣ್ಣ ಸ್ಟುಡಿಯೋದಲ್ಲಿ ಎಲ್ಲಾ ಹೇಳಿದ," ಎಂದ ಅವನು, ಲೋಟಕ್ಕೆ ಹೇಳುವವನಂತೆ. "'ಬಾ, ಕೂತ್ಕೋ' ಹೇಳಿದ. 'ನಿನ್ನ ಸರದಿ' ಹೇಳಿದ. 'ಭೇಷ್' ಹೇಳಿದ. ಅದೊಂದು ಮಾತು ಮಾತ್ರ ಹೇಳಲಿಲ್ಲ. ಸಂಜೆತನಕ ಕೂರಿಸಿದ್ರು. ಗಂಟಲು ಕಟ್ಟಿದೆ ಅಂದುಬಿಟ್ಟ. ನಾನು ಅವನನ್ನ ಕರ್ಕೊಂಡು ಬರೋಕೆ ಹೋಗಿದ್ದೆ. ಹೊರಗೆ ಕಾಯ್ತಾ ಕೂತಿದ್ದವರನ್ನ ನಗಿಸೋಣ ಅಂತ ಅಣ್ಣನ ದನಿ ತೆಗೆದೆ. ಆ ಮ್ಯಾನೇಜರ್ ಬಾಗಿಲು ತೆಗೆದು ನೋಡಿದ."

"ಆಮೇಲೆ?"

"ಮಾರನೇ ದಿನ ಆ ಮಾತು ಹೇಳಿಸೋಕೆ ನನ್ನನ್ನ ಕರೆಸಿದ್ರು. ಚಿಟಿಕೆ ಹೊಡೆಯೋಷ್ಟರಲ್ಲಿ ಮುಗಿದುಹೋಯ್ತು. ಆಗ ಮಿಮಿಕ್ರಿಗೆ ನನ್ನನ್ನ ಯಾರೂ ಕರೀತಿರಲಿಲ್ಲ, ನಿನಗೂ ಗೊತ್ತು."

"ಅಪ್ಪನಿಗೆ ಗೊತ್ತಿತ್ತಾ?"

"ಕೇಳಿದ ತಕ್ಷಣ ಗೊತ್ತಾಯ್ತು. ನನ್ನ ಮುಖ ನೋಡಿದ. 'ಚೆನ್ನಾಗಿ ತೆಗೆದಿದೀಯ ಕಣೋ' ಅಂದ. ಮತ್ತೆ ಆ ಸುದ್ದಿ ಎತ್ತಲಿಲ್ಲ."

"ನಾನು ಕೇಳಿದ ದಿನ ನೀವೂ ಊಟಕ್ಕೆ ಕೂತಿದ್ರಿ."

"ಕೂತಿದ್ದೆ."

ಅವಳಿಗೆ ಕಿರುಚಬೇಕೆನಿಸಿತು. ಯಾರ ಮೇಲೆ? ಹೇಡಿ ಚಿಕ್ಕಪ್ಪನ ಮೇಲೆ, ಮುಖ ಸುಲಿದುಕೊಂಡು ಹೋಗಿ ಬೇರೆ ಬಾಯಿ ಅಂಟಿಸಿದ ಆ ಕಪ್ಪು ಶರ್ಟಿನವನ ಮೇಲೆ, ದಿನವಿಡೀ ದನಿ ಕೇಳುತ್ತೇನೆಂದು ಬೀಗಿದ ತನ್ನ ಕಿವಿಯ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟಿಗೆಯಲ್ಲಿ ತುಟಿ ಮುಚ್ಚಿ ಮಲಗಿದವರ ಮೇಲೆ. ಸತ್ತವರ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ನಡುಮನೆಯಲ್ಲಿ ಮ್ಯಾನೇಜರ್, "ಇನ್ನೊಬ್ಬರು ಯಾರಾದರೂ?" ಎಂದು ಕರೆಯುತ್ತಿದ್ದ. ಅವಳು ನೇರವಾಗಿ ಹೋಗಿ ಪ್ಲಗ್ ಕಿತ್ತಳು. ಮುಖ ಆರಿಹೋಯಿತು.

"ಮೇಡಂ! ಹಾಗೆ ಕೀಳಬಾರದು, ಸ್ಕ್ರೀನ್ ಹಾಳಾಗುತ್ತೆ!"

"ಹಾಳಾಗಿಹೋಗಲಿ. ಆ ದನಿ ಯಾರದು?"

"ನಿಮ್ಮ ತಂದೆಯವರದೇ…"

"ಅವರು ಇಲ್ಲೇ ಇದ್ದಾರೆ. ಅವರ ಕಡೆ ನೋಡಿ ಹೇಳಿ."

ಮ್ಯಾನೇಜರ್ ಪೆಟ್ಟಿಗೆಯ ಕಡೆ ನೋಡಲಿಲ್ಲ. "ನೋಡಿ, ಅವರೇ ಒಪ್ಪಿ ಸಹಿ ಮಾಡಿದ್ದಾರೆ."

"ಮುಖಕ್ಕೆ ಮಾಡಿದ್ರು. ಬಾಯಿಗೆ ಮಾಡಿದ್ರಾ?"

"ಏನೇ ಇದು, ಹೆಣದ ಮುಂದೆ ಜಗಳ!" ಅಮ್ಮ ಅವಳ ಕೈ ಹಿಡಿದೆಳೆದಳು. "ಮರ್ಯಾದೆ ಮಾಡೋಕೆ ಬಂದವರಮ್ಮ ಅವರು."

"ಅಮ್ಮ, ಅಪ್ಪ ಆ ಮಾತು ಹೇಳಿಲ್ಲ. ಒಂದು ಮಗುವಿಗೂ ಹೇಳಿಲ್ಲ." ಅವಳು ಅಡುಗೆಮನೆಯ ಬಾಗಿಲಿಗೆ ತಿರುಗಿದಳು. "ಚಿಕ್ಕಪ್ಪ, ಈಗ ಹೇಳಿ. ಇವರೆಲ್ಲ ಎದ್ದು ಹೋಗೋ ಮುಂಚೆ ಹೇಳಿ."

ಚಿಕ್ಕಪ್ಪ ಬಾಗಿಲ ಚೌಕಟ್ಟು ಹಿಡಿದ. ತನ್ನ ದನಿಯಲ್ಲಿ ಹೇಳಲು ಅವನಿಗೆ ಏನೂ ಸಿಕ್ಕಲಿಲ್ಲವೇನೋ. ಕಣ್ಣು ಮುಚ್ಚಿ, ಗಂಟಲನ್ನು ಅಣ್ಣನ ಜಾಗಕ್ಕೆ ಇಳಿಸಿದ.

"ನೀನು ಸೋತೆ. ದಡ ನಿನ್ನಂಥವರಿಗಲ್ಲ."

ಕೋಣೆಯಲ್ಲಿದ್ದವರೆಲ್ಲ ಮೊದಲು ಸ್ಕ್ರೀನ್ ನೋಡಿದರು. ಅದು ಕಪ್ಪಗಿತ್ತು, ಅದರೊಳಗೆ ಅವರದೇ ಮುಖಗಳಿದ್ದವು. ಆಮೇಲೆ ಪೆಟ್ಟಿಗೆ ನೋಡಿದರು. ಅಮ್ಮನ ಬಾಯಿಂದ "ಓ" ಎಂದು ಬಂದೇಬಿಟ್ಟಿತ್ತು; ಅರ್ಧ ಎದ್ದಿದ್ದವಳು ಹಾಗೇ ಕುಸಿದು ಕೂತಳು. ಕಡೆಗೆ ಎಲ್ಲರೂ ಒದ್ದೆ ಕೈಯ ಆ ಮನುಷ್ಯನ ಕಡೆ ತಿರುಗಿದರು.

ದರ್ಜಿ ಎದ್ದು ಪೆಟ್ಟಿಗೆಯ ಅಂಚು ಮುಟ್ಟಿದ. "ತಪ್ಪಾಯ್ತು ಯಜಮಾನ್ರೇ," ಎಂದ. "ಮೊಮ್ಮಗಳಿಗೆ ಹೇಳ್ತೀನಿ."

ಕೆಲಸಗಾರರು ಸ್ಕ್ರೀನ್ ಎತ್ತಿದರು. ಮೆಟ್ಟಿಲವರೆಗೂ ಅವಳು ಮ್ಯಾನೇಜರ್ ಬೆನ್ನು ಬಿಡಲಿಲ್ಲ.

"ಆ ಮಾತು ತೆಗೆಸ್ತೀರೋ ಇಲ್ಲವೋ?"

"ಮೇಲಿನವರನ್ನ ಕೇಳಿ ಹೇಳ್ತೀನಿ ಮೇಡಂ." ಅವನಿಗೆ ನಿಜಕ್ಕೂ ಬೇಜಾರಾದಂತಿತ್ತು. "ಆದರೆ ಜನಕ್ಕೆ ಆ ಮಾತೇ ಇಷ್ಟ."

ಅವಳು ಒಳಗೆ ಬಂದಾಗ ಬಿಲ್ಲಿನಕ್ಕ ಕೈಚೀಲದಿಂದ ಹಳೆಯ ಹಾಸು ಹೊರತೆಗೆದಿದ್ದಳು. ಅಂಗಡಿಯವರು ಮೇಜು ಎತ್ತಿದ ದಿನ ಕಸಕ್ಕೆ ಎಸೆದದ್ದು. ಮಡಿಕೆಗಳಲ್ಲಿ ನೀಲಿ ಬಣ್ಣ ಕಿತ್ತು ಬಂದಿತ್ತು. ಬಿಲ್ಲಿನಕ್ಕ ಅದನ್ನು ಅಪ್ಪನ ಪಾದದ ಬಳಿ ಬಿಡಿಸಿ, ಸೆರಗಿನ ತುದಿಯ ಗಂಟಿನಿಂದ ಅಪ್ಪನ ಕೆಂಪು ದೋಣಿಯನ್ನೂ ತಂತಿಯ ಉಂಗುರವನ್ನೂ ತೆಗೆದು, ದೋಣಿಯನ್ನು ಹಸಿರು ದಡದ ಮೇಲಿಟ್ಟಳು.

"ಇವತ್ತಾದರೂ ಗೆಲ್ಲಲಿ ಪುಣ್ಯಾತ್ಮ," ಎಂದು ಮೂಗು ಒರೆಸಿಕೊಂಡಳು. ಉಂಗುರ ಅವಳ ಅಂಗೈಯಲ್ಲೇ ಉಳಿಯಿತು.

ಕೆಳಗೆ ಕಂಪನಿಯವರು ಸ್ಕ್ರೀನ್ ಹಾಳಾಗಿದೆಯೋ ಏನೋ ನೋಡಲು ಕಾವಲುಗಾರನ ಕೋಣೆಯ ಪ್ಲಗ್ಗಿಗೆ ಹಾಕಿದ್ದರು. ಹಾಳಾಗಿರಲಿಲ್ಲ. "ನೀನು ಸೋತೆ!" ಎಂಬ ಕೂಗು ಕಿಟಕಿಯಿಂದ ನಡುಮನೆಗೆ ಬಂತು. ಚಿಕ್ಕಪ್ಪ ಗೋಡೆಯ ಕಡೆ ಮುಖ ಮಾಡಿದ. ಅಮ್ಮ ಎದ್ದು ಹೋಗಿ, ಗಾಜು ನಡುಗುವಂತೆ ಕಿಟಕಿ ಮುಚ್ಚಿದಳು.

ಪೆಟ್ಟಿಗೆ ಮುಚ್ಚುವವರು ಮುಚ್ಚಳ ಹಿಡಿದು ಬಂದು ನಿಂತರು. ಸ್ವಲ್ಪ ತಡೆಯಿರಿ ಎಂದು ಮಗಳು ಕೈ ತೋರಿಸಿದಳು. ಬಾಗಿ, ಕೆಂಪು ದೋಣಿಯನ್ನು ದಡದಿಂದ ಒಂದು ಮನೆ ಹಿಂದಕ್ಕೆ, ನೀರಿಗೆ, ತಂದು ನಿಲ್ಲಿಸಿದಳು. ಬಿಲ್ಲಿನಕ್ಕನ ಅಂಗೈಯಿಂದ ಉಂಗುರ ತೆಗೆದುಕೊಂಡಳು. ಮೊದಲ ಸಲ ಜಾರಿತು. ಎರಡನೇ ಸಲ ಕಂಬಕ್ಕೆ ಕೂತಿತು.

ಕಿತ್ತಳೆಯ ತೊಳೆಗಳನ್ನು ಅವಳ ತಟ್ಟೆಗೆ ಹಾಕಿದ ಆ ದಿನ, ಅದು ತಮ್ಮನ ದನಿಯೆಂದು ಹೇಳದೆ ಅಪ್ಪ ಆ ಸರದಿಯನ್ನೂ ಬಿಟ್ಟುಕೊಟ್ಟರು. ಆಮೇಲೂ ಹೇಳಲಿಲ್ಲ.